ಮಕ್ಕಳ ಮನಸ್ಸಿನ ಕೆಲಸಕ್ಕೆ ಯಾವ ಓದು? ಮೈಸೂರು, ಮಂಡ್ಯ ಕಡೆಯವರಿಗೆ ಒಂದು ಹೋಲಿಕೆ

ನಾಲ್ಕು ಪುಟದ ರಿಪೋರ್ಟ್ ಬರೆದಿದ್ದೆ. ಹತ್ತನೇ ಕ್ಲಾಸಿನ ಹುಡುಗ. ಲೆಕ್ಕದಲ್ಲಿ ಚುರುಕು. ಓದೋಕೆ ಕೂರಿಸಿದರೆ ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಿದ್ದ. ‘ಕತ್ತೆ’ಯನ್ನು ‘ಕತೆ’ ಅಂತ ಓದಿ, ಅರ್ಥ ಆಗದೆ ನನ್ನ ಮುಖ ನೋಡುತ್ತಿದ್ದ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಸಿಗಲಿ ಅಂತ ಅವನ ಅಮ್ಮ ಗಾರ್ಮೆಂಟ್ ಕೆಲಸಕ್ಕೆ ಒಂದು ದಿನ ರಜೆ ಹಾಕಿ, ಮದ್ದೂರಿನಿಂದ ಬಂದು ರಿಪೋರ್ಟ್ ತಗೊಂಡು ಹೋದರು. ಒಂದು ವಾರಕ್ಕೆ ಅದು ವಾಪಸ್ ಬಂತು. ನನ್ನ ಸಹಿಯ ಪಕ್ಕ ಪೆನ್ಸಿಲ್‌ನಲ್ಲಿ ಯಾರೋ ಬರೆದಿದ್ದರು: ‘ನೋಂದಣಿ ಸಂಖ್ಯೆ?’

ಆ ಸಂಖ್ಯೆ ನನ್ನ ಹತ್ತಿರ ಇರಲಿಲ್ಲ. ನಾನು ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಓದಿದವಳು. ಅಷ್ಟು ಹೊತ್ತಿಗೆ ಮಕ್ಕಳ ಜೊತೆ ಆರು ವರ್ಷ ಕೆಲಸ ಮಾಡಿದ್ದೆ. ಆದರೂ ಆ ಕಾಗದಕ್ಕೆ ನನ್ನ ಸಹಿ ಲೆಕ್ಕಕ್ಕಿಲ್ಲ. ಇರಬಾರದು ಕೂಡ, ಅದು ಈಗ ಗೊತ್ತು. ಓದುವಾಗ ಎರಡು ವರ್ಷದಲ್ಲಿ ಒಬ್ಬರೂ ಇದನ್ನು ಹೇಳಲಿಲ್ಲವಲ್ಲ ಅನ್ನೋದೇ ಬೇಜಾರು.

ಆಮೇಲೆ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಹುಡುಗನನ್ನು ಕೂರಿಸಿ ಎಲ್ಲ ಪರೀಕ್ಷೆ ಮಾಡಿ ಹೊಸ ರಿಪೋರ್ಟ್ ಕೊಟ್ಟರು. ಕೊಡುವ ಮುಂಚೆ ನನಗೆ ಫೋನ್ ಮಾಡಿದರು. “ಮನೆ ನೋಡಿದೀರಾ? ಓದೋಕೆ ಜಾಗ ಇದ್ಯಾ? ಅಪ್ಪ ಹೊಡೀತಾರಾ?” ಅವರ ಹತ್ತಿರ ಅಂಕಿ ಇತ್ತು, ನನ್ನ ಹತ್ತಿರ ಮನೆ ಇತ್ತು. ಹುಡುಗನಿಗೆ ಎರಡೂ ಬೇಕಿತ್ತು.

ಬೇಸಿಗೆ ಬಂತು ಅಂದರೆ ಡಿಗ್ರಿ ಮುಗಿಸಿದವರ ಫೋನ್ ಶುರುವಾಗುತ್ತದೆ. “ಅಕ್ಕಾ, ಮಕ್ಕಳ ಕೌನ್ಸೆಲಿಂಗ್ ಮಾಡ್ಬೇಕು, ಯಾವ ಕೋರ್ಸ್ ಸೇರ್ಲಿ?” ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ದಿನವಿಡೀ ನಿನ್ನ ಮುಂದೆ ಯಾರು ಕೂತಿರಬೇಕು? ನಿನ್ನ ಸಹಿಯಿಂದ ಏನಾಗಬೇಕು? ಈ ಹೋಲಿಕೆ ನಿಂತಿರೋದು ಆ ಎರಡರ ಮೇಲೆ.

ಎಂಎಸ್ಸಿ ಸೈಕಾಲಜಿ: ಬಾಗಿಲು ತೆರೆಯುತ್ತದೆ, ಒಳಗೆ ಇನ್ನೊಂದು ಬಾಗಿಲಿದೆ

ಮೈಸೂರಿನವರು ಸೈಕಾಲಜಿ ಅಂದ ಕೂಡಲೇ ಮೈಸೂರು ವಿವಿಯ ಮಾನಸಗಂಗೋತ್ರಿ ಅನ್ನುತ್ತಾರೆ. ಅದಕ್ಕೆ ಕಾರಣವೂ ಇದೆ. 1924ರಲ್ಲೇ ಮಹಾರಾಜ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ಮನಃಶಾಸ್ತ್ರ ವಿಭಾಗ ಶುರು ಮಾಡಿದರು. ದೇಶದಲ್ಲೇ ಹಳೆಯ ವಿಭಾಗಗಳಲ್ಲಿ ಒಂದು. (1935ರಲ್ಲಿ ಮನೆಯಲ್ಲೇ ‘ಆಕಾಶವಾಣಿ’ ಅನ್ನೋ ರೇಡಿಯೋ ನಿಲಯ ಕಟ್ಟಿದವರೂ ಇವರೇ. ಮೇಷ್ಟ್ರಿಗೆ ಕ್ಲಾಸಿನ ಆಚೆಗೂ ಕೆಲಸ ಜಾಸ್ತಿ ಇತ್ತು.)

ಎಂಎಸ್ಸಿ ನಿಮಗೆ ತಲೆ ಕೊಡುತ್ತದೆ. ಮಗು ಹೇಗೆ ಬೆಳೆಯುತ್ತದೆ, ನೆನಪು ಹೇಗೆ ಕೆಲಸ ಮಾಡುತ್ತದೆ, ಒಂದು ಟೆಸ್ಟ್ ನಂಬಲು ಯೋಗ್ಯವೋ ಅಲ್ಲವೋ, ಇದೆಲ್ಲ ಗಟ್ಟಿಯಾಗುತ್ತದೆ. ಆದರೆ ಎರಡು ವರ್ಷ ಮುಗಿದಾಗ ಅಳುತ್ತಿರುವ ನಿಜವಾದ ಮಗು ಎಷ್ಟು ಸಲ ನಿಮ್ಮ ಮುಂದೆ ಕೂತಿರುತ್ತದೆ ಅನ್ನೋದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಕೆಲವು ಕಡೆ ಸಹಪಾಠಿಯನ್ನೇ ಮಗು ಅಂತ ಕೂರಿಸಿಕೊಂಡು ಪ್ರಾಕ್ಟಿಕಲ್ ರೆಕಾರ್ಡ್ ಬರೆದು ಮುಗಿಸುತ್ತಾರೆ. ಅಂಥ ರೆಕಾರ್ಡ್‌ಗಳನ್ನು ನಾನು ನೋಡಿದ್ದೇನೆ. ಇಪ್ಪತ್ತೆರಡು ವರ್ಷದ ‘ಮಗು’, ಎಲ್ಲ ಉತ್ತರ ಸರಿ.

ಇದರ ಮೇಲೆ ಶಾಲಾ ಕೌನ್ಸೆಲರ್ ಆಗಬಹುದು. ಸಂಸ್ಥೆಗಳಲ್ಲಿ ಕೆಲಸ ಸಿಗುತ್ತದೆ. ‘ಕ್ಲಿನಿಕಲ್ ಸೈಕಾಲಜಿಸ್ಟ್’ ಅಂತ ಬೋರ್ಡ್ ಹಾಕುವ ಹಾಗಿಲ್ಲ. ಒಂದು ವಿಷಯ ನೆನಪಿಡಿ: ಎಂಎಸ್ಸಿಗೆ ಸಾಮಾನ್ಯವಾಗಿ ಡಿಗ್ರಿಯಲ್ಲಿ ಸೈಕಾಲಜಿ ಓದಿರಬೇಕು. ಬಿಕಾಂ ಮುಗಿಸಿ ಮನಸ್ಸು ಬದಲಾದವರಿಗೆ ಇಲ್ಲೇ ತಡೆ.

ಕ್ಲಿನಿಕಲ್ ಸೈಕಾಲಜಿ: ಸಹಿಗೆ ಬೆಲೆ, ಸೀಟಿಗೆ ಪೈಪೋಟಿ

ಬುದ್ಧಿಮಟ್ಟ, ಕಲಿಕಾ ತೊಂದರೆ, ಆಟಿಸಂ ಇವನ್ನೆಲ್ಲ ಅಳೆದು, ಸಹಿ ಮಾಡಿದ ರಿಪೋರ್ಟ್ ಕೊಡುವ ಕೆಲಸ ಬೇಕಾ? ಹಾಗಿದ್ದರೆ ನಿಮ್ಮ ದಾರಿ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ಮೂಲಕವೇ ಹೋಗಬೇಕು. 1992ರ ಕಾಯ್ದೆಯಿಂದ ಬಂದ ಸಂಸ್ಥೆ ಅದು. ಅದರ ಮಾನ್ಯತೆ ಇರುವ ಕೋರ್ಸ್ ಮುಗಿಸಿದರೆ ಕೇಂದ್ರ ಪುನರ್ವಸತಿ ರಿಜಿಸ್ಟರ್‌ನಲ್ಲಿ ಹೆಸರು ಸೇರುತ್ತದೆ, ನಂಬರ್ ಸಿಗುತ್ತದೆ. ಪೆನ್ಸಿಲ್‌ನಲ್ಲಿ ನನ್ನನ್ನು ಕೇಳಿದ್ದು ಇದೇ ನಂಬರನ್ನು. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ ಕೂಡ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಅಂತ ಹೇಳುವಾಗ ಇಂಥ ತರಬೇತಿಯನ್ನೇ ಕೇಳುತ್ತದೆ.

ಇಷ್ಟು ವರ್ಷ ಈ ತರಬೇತಿಯ ಹೆಸರು ಎಂಫಿಲ್ ಅಂತಿತ್ತು. ಎಂಎ ಅಥವಾ ಎಂಎಸ್ಸಿ ಆದ ಮೇಲೆ ಎರಡು ವರ್ಷ, ಆಸ್ಪತ್ರೆಯಲ್ಲೇ ಬೆಳಗಿಂದ ಸಂಜೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ 2022ರ ನಿಯಮದಲ್ಲಿ ಎಂಫಿಲ್ ಅನ್ನೋದನ್ನೇ ತೆಗೆದುಹಾಕಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್, ಈ ಎರಡಕ್ಕೆ ಮಾತ್ರ 2025-26ನೇ ಸಾಲಿನವರೆಗೆ ಪ್ರವೇಶಕ್ಕೆ ಅವಕಾಶ ಉಳಿಸಿತು. ಈಗ ಎಂಎ ಕ್ಲಿನಿಕಲ್ ಸೈಕಾಲಜಿ ತರಹದ ಹೊಸ ಹೆಸರುಗಳು ಬಂದಿವೆ.

ಗುಂಡಿ ಇರೋದು ಇಲ್ಲೇ. ಆರ್‌ಸಿಐ ಮಾನ್ಯತೆ ಇಲ್ಲದೆ ‘ಎಂಎಸ್ಸಿ ಕ್ಲಿನಿಕಲ್ ಸೈಕಾಲಜಿ’ ಅಂತ ನಡೆಸುವ ಕಾಲೇಜುಗಳೂ ಉಂಟು. ಹೆಸರು ಹೆಚ್ಚುಕಡಿಮೆ ಒಂದೇ, ನಂಬರ್ ಮಾತ್ರ ಸಿಗುವುದಿಲ್ಲ. ಬ್ರೋಷರ್‌ನಲ್ಲಿರುವ ‘ಕ್ಲಿನಿಕಲ್’ ಅನ್ನೋ ಪದ ನೋಡಿ ಫೀಸ್ ಕಟ್ಟಬೇಡಿ. ಆರ್‌ಸಿಐ ವೆಬ್‌ಸೈಟಿನಲ್ಲಿ ಮಾನ್ಯತೆ ಇರುವ ಸಂಸ್ಥೆಗಳ ಪಟ್ಟಿ ಇರುತ್ತದೆ. ನೀವು ಸೇರುವ ವರ್ಷಕ್ಕೆ, ಆ ಕೋರ್ಸಿಗೆ, ಆ ಕಾಲೇಜಿನ ಹೆಸರು ಅಲ್ಲಿದೆಯಾ ನೋಡಿ. ಕಾಲೇಜಿನವರು “ಮಾನ್ಯತೆ ಬರ್ತಾ ಇದೆ, ಪ್ರೋಸೆಸ್‌ನಲ್ಲಿದೆ” ಅಂದರೆ ಬಂದ ಮೇಲೆ ಸೇರುತ್ತೇನೆ ಅನ್ನಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿ ಒಂದು ವರ್ಷ ಕಳೆದುಕೊಂಡ ಹುಡುಗಿಯರು ನನಗೆ ಗೊತ್ತು.

ನಮ್ಮ ಕಡೆಯ ಮಟ್ಟಿಗೆ ದೊಡ್ಡ ಆಕರ್ಷಣೆ ಬೆಂಗಳೂರಿನ ನಿಮ್ಹಾನ್ಸ್. ಮಕ್ಕಳಿಗೇ ಪ್ರತ್ಯೇಕ ಸೈಕಿಯಾಟ್ರಿ ವಿಭಾಗ ಅಲ್ಲಿದೆ. ಇಡೀ ಕುಟುಂಬವನ್ನು ಒಟ್ಟಿಗೆ ದಾಖಲು ಮಾಡಿಕೊಂಡು ನೋಡುವ ಫ್ಯಾಮಿಲಿ ಸೈಕಿಯಾಟ್ರಿ ಸೆಂಟರ್ ಕೂಡ ಇದೆ. ಗಂಡ, ಹೆಂಡತಿ, ಮಗು, ಜೊತೆಗೆ ಅತ್ತೆ, ಎಲ್ಲರೂ ಒಂದೇ ಕೋಣೆಯಲ್ಲಿ. ಕುಟುಂಬದ ಕೆಲಸ ಕಲಿಯಬೇಕು ಅನ್ನುವವರಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ನಮ್ಮ ರಾಜ್ಯದಲ್ಲಿ ನಾನು ಕಾಣೆ. ಸೀಟು ಕಮ್ಮಿ, ಪ್ರವೇಶ ಪರೀಕ್ಷೆ ಬರೆಯೋಕೆ ದೇಶದ ಎಲ್ಲ ಕಡೆಯಿಂದ ಬರುತ್ತಾರೆ. ಎರಡು ಸಲ ಬರೆದು ಸಿಗದವರು ಪೆದ್ದರೇನೂ ಅಲ್ಲ.

ಎಂಎಸ್‌ಡಬ್ಲ್ಯೂ: ಅವರೆಕಾಳು ಹಿತುಕುತ್ತಾ ಕಲಿಯುವ ವಿದ್ಯೆ

ಇದು ನನ್ನ ದಾರಿ. ಸ್ವಲ್ಪ ಪಕ್ಷಪಾತ ಮಾಡಿದರೆ ಕ್ಷಮಿಸಿ.

ಯಾವ ಡಿಗ್ರಿ ಆದರೂ ಸಾಮಾನ್ಯವಾಗಿ ನಡೆಯುತ್ತದೆ. ವಾರದಲ್ಲಿ ಎರಡು ದಿನ ಫೀಲ್ಡ್‌ವರ್ಕ್. ಅದೇ ಇದರ ಜೀವ. ನನ್ನನ್ನು ಪಾಂಡವಪುರದ ಕಡೆಯ ಒಂದು ಹಳ್ಳಿಗೆ ಹಾಕಿದ್ದರು. ಆರನೇ ಕ್ಲಾಸಿನ ಹುಡುಗನೊಬ್ಬ ಸ್ಕೂಲಿಗೆ ಬರುತ್ತಿರಲಿಲ್ಲ. ಹೊಟ್ಟೆನೋವು ಅನ್ನುತ್ತಿದ್ದ. ಆಸ್ಪತ್ರೆಯಲ್ಲಿ ಏನೂ ಸಿಕ್ಕಿರಲಿಲ್ಲ. (ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಾಯಿಸಿದ್ದೇನೆ.)

ಅವರ ಮನೆಗೆ ಹೋದೆ. ಜಗುಲಿ ಮೇಲೆ ಅಜ್ಜಿ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದರು. ನಾನು ಬ್ಯಾಗಿನಿಂದ ನೋಟ್‌ಬುಕ್ ತೆಗೆದೆ. ಅಜ್ಜಿ ಬಾಯಿ ಮುಚ್ಚಿದರು. “ಅವ್ನಿಗೇನೂ ಆಗಿಲ್ಲ ಕಣವ್ವ, ದೃಷ್ಟಿ ಆಗದೆ. ನೀವಾಳಿಸಿದೀನಿ” ಅಷ್ಟೇ. ವಾಪಸ್ ಬಂದು ನಮ್ಮ ಫೀಲ್ಡ್‌ವರ್ಕ್ ಮೇಡಂಗೆ ಹೇಳಿದೆ. ಅವರು ನಕ್ಕು, “ನೋಟ್‌ಬುಕ್ ಯಾಕಮ್ಮಾ ತೆಗೆದೆ? ಅಜ್ಜಿ ಕೈಯಲ್ಲಿ ಏನಿತ್ತು?” ಅಂದರು.

ಮುಂದಿನ ವಾರ ನಾನೂ ಕೂತು ಹಿತುಕಿದೆ. ಕಾಳಿನ ಒಂದು ತುದಿ ಒತ್ತಿದರೆ ಸಿಪ್ಪೆಯಿಂದ ಬೇಳೆ ಚಿಮ್ಮುತ್ತದೆ. ನನ್ನದು ಮೂರು ಸಲ ಅಂಗಳಕ್ಕೆ ಹಾರಿತು. ಅಜ್ಜಿ ನಕ್ಕರು. ಮುಕ್ಕಾಲು ಗಂಟೆ ಆದ ಮೇಲೆ, ನನ್ನ ಕಡೆ ನೋಡದೆ, ಬೇಳೆಯನ್ನೇ ನೋಡುತ್ತಾ ಹೇಳಿದರು: ಸೊಸೆ ತವರಿಗೆ ಹೋಗಿ ಎರಡು ತಿಂಗಳು. ಮಗ ಆಲೆಮನೆಯಲ್ಲಿ ರಾತ್ರಿ ಪಾಳಿ. ಬಟವಾಡೆ ದಿನ ಕುಡಿದು ಬರುತ್ತಾನೆ. ಹುಡುಗ ಅಜ್ಜಿ ಪಕ್ಕ ಮಲಗುತ್ತಾನೆ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ. ಕ್ಲಾಸಿನಲ್ಲೂ ಹಾಗಾದರೆ ಅಂತ ಅವನಿಗೆ ಭಯ.

ಹೊಟ್ಟೆನೋವು ಬರುತ್ತಿದ್ದದ್ದು ಬಟವಾಡೆಯ ಮಾರನೇ ದಿನ. ಹಾಜರಿ ಪುಸ್ತಕ ತೆಗೆದು ತಾರೀಖು ಹೊಂದಿಸಿದಾಗ ಗೊತ್ತಾಯಿತು.

ಯಾವ ಟೆಸ್ಟ್ ಕಿಟ್‌ನಲ್ಲೂ ಇದು ಸಿಗುತ್ತಿರಲಿಲ್ಲ. ಹಾಗಂತ ಎಂಎಸ್‌ಡಬ್ಲ್ಯೂ ಒಂದೇ ಸಾಕು ಅಂತಲೂ ಹೇಳಲಾರೆ. ಆ ಮನೆಯ ಜೊತೆ ಮುಂದೆ ಏನು ಮಾಡಬೇಕು, ಅಪ್ಪನ ಕುಡಿತಕ್ಕೆ ಎಲ್ಲಿಂದ ಶುರು ಮಾಡಬೇಕು, ಹುಡುಗನ ಭಯಕ್ಕೆ ಯಾವ ಕ್ರಮದಲ್ಲಿ ಚಿಕಿತ್ಸೆ, ಇದನ್ನೆಲ್ಲ ಎರಡು ವರ್ಷದ ಎಂಎಸ್‌ಡಬ್ಲ್ಯೂ ಮೇಲ್ಮೇಲೆ ಮುಟ್ಟಿಸಿ ಬಿಡುತ್ತದೆ. ಸ್ಪೆಷಲೈಸೇಷನ್ ಆಯ್ಕೆ ಇದ್ದರೆ ಮೆಡಿಕಲ್ ಅಂಡ್ ಸೈಕಿಯಾಟ್ರಿಕ್ ತಗೊಳ್ಳಿ. ನಮ್ಮ ಬ್ಯಾಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಎಚ್‌ಆರ್ ಕೆಲಸದ ಆಸೆಗೆ ಆ ಕಡೆ ಹೋದರು. ಅವರ ಸಂಬಳ ನನ್ನದಕ್ಕಿಂತ ಜಾಸ್ತಿ, ಸುಳ್ಳು ಹೇಳೋದೇಕೆ.

2017ರ ಕಾಯ್ದೆಯಲ್ಲಿ ‘ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್’ ಅನ್ನಿಸಿಕೊಳ್ಳಲು ಎಂಎಸ್‌ಡಬ್ಲ್ಯೂ ಮೇಲೆ ಎರಡು ವರ್ಷದ ಎಂಫಿಲ್ ಬೇಕು ಅಂತಿದೆ. ಆ ಎಂಫಿಲ್ ಕತೆ ಮೇಲೆ ಹೇಳಿದೆ. ಹಾಗಾಗಿ ಈ ದಾರಿ ಹಿಡಿಯುವವರು ಆಯಾ ವರ್ಷದ ಪ್ರವೇಶ ಪ್ರಕಟಣೆಯನ್ನು ಕಣ್ಣಾರೆ ಓದಬೇಕು. ಸೀನಿಯರ್ ಹೇಳಿದ್ದು ಮೂರು ವರ್ಷ ಹಳೇದಾಗಿರುತ್ತದೆ.

ಆಯಿಷ್: ಪಕ್ಕದಲ್ಲೇ ಇದ್ದೂ ನೆನಪಾಗದ ಆಯ್ಕೆ

ಬೋಗಾದಿ ಕಡೆ ಹೋಗುವವರೆಲ್ಲ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದರೆ ಆಯಿಷ್ ನೋಡಿರುತ್ತೀರಿ. ಅರವತ್ತರ ದಶಕದಿಂದ ಇದೆ. ಮಾತು ಬಾರದ ಮಗು, ಆಟಿಸಂ ಇರುವ ಮಗು, ಇವರ ಜೊತೆಗೇ ಇರಬೇಕು ಅಂತ ಆಸೆ ಇದ್ದವರಿಗೆ ಸ್ಪೀಚ್ ಲ್ಯಾಂಗ್ವೇಜ್ ಪೆಥಾಲಜಿ (ಮಾತು, ಭಾಷೆಯ ತೊಂದರೆ ಅಳೆದು ಚಿಕಿತ್ಸೆ ಕೊಡೋದು) ಒಂದು ಗಟ್ಟಿ ವೃತ್ತಿ. ಇದಕ್ಕೂ ಆರ್‌ಸಿಐ ನೋಂದಣಿ ಇದೆ. ಆದರೆ ಪಿಯುಸಿ ಸೈನ್ಸ್ ಆದ ಮೇಲೆ ಡಿಗ್ರಿ ಹಂತದಲ್ಲೇ ಸೇರಬೇಕು, ಆಮೇಲೆ ಎಂಎಸ್ಸಿ. ಬಿಎ ಮುಗಿಸಿದವರಿಗೆ ಈ ಬಸ್ಸು ಹೋಗಿಬಿಟ್ಟಿದೆ. ತಂಗಿ ಪಿಯುಸಿಯಲ್ಲಿದ್ದರೆ ಅವಳಿಗೆ ಹೇಳಿ.

ದೇಶದ ಎಷ್ಟೋ ಮಕ್ಕಳ ಕ್ಲಿನಿಕ್‌ಗಳಲ್ಲಿ ಡಿಎಸ್‌ಟಿ ಅನ್ನೋ ಬೆಳವಣಿಗೆ ಪರೀಕ್ಷೆ ಇರುತ್ತದೆ. ಹುಟ್ಟಿನಿಂದ 15 ವರ್ಷದವರೆಗೆ, 88 ಅಂಶ. ಅದನ್ನು ಮಾಡಿದವರು ಆಯಿಷ್‌ನ ಜೆ. ಭರತ್ ರಾಜ್. ದೂರದ ಊರಿನ ಟ್ರೇನಿಂಗ್‌ಗಳಲ್ಲಿ ಇದು ಮೈಸೂರಿನ ಟೆಸ್ಟ್ ಅಂತ ಹೇಳಿಕೊಳ್ಳೋದು ನನಗೊಂದು ಚಪಲ.

ಟೀಚರ್ ಆಗಿದ್ದವರಿಗೆ, ಡಾಕ್ಟರ್ ಆಗಿದ್ದವರಿಗೆ

ಈಗಾಗಲೇ ಶಾಲೆಯಲ್ಲಿ ಕೆಲಸದಲ್ಲಿದ್ದೀರಿ, ಬಿಡೋಕಾಗಲ್ಲ ಅಂದರೆ ಎನ್‌ಸಿಇಆರ್‌ಟಿಯ ಮಾರ್ಗದರ್ಶನ ಮತ್ತು ಕೌನ್ಸೆಲಿಂಗ್ ಡಿಪ್ಲೊಮಾ ನೋಡಿ. ಒಂದು ವರ್ಷದ್ದು, ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ (ಆರ್‌ಐಇ) ಕೂಡ ಅದರ ಕೇಂದ್ರ. ಚಿಕಿತ್ಸೆ ಕಲಿಸುವುದಿಲ್ಲ. ಮಗುವಿನಲ್ಲಿ ಏನೋ ಸರಿಯಿಲ್ಲ ಅಂತ ಗುರುತಿಸೋಕೆ, ಸರಿಯಾಗಿ ಮಾತಾಡಿಸೋಕೆ, ಮುಂದೆ ಕಳಿಸೋಕೆ ಕಲಿಸುತ್ತದೆ. ಒಂದು ಶಾಲೆಗೆ ಅಷ್ಟೇ ಎಷ್ಟೋ ದೊಡ್ಡದು.

ಎಂಬಿಬಿಎಸ್ ಆದವರಿಗೆ ಎಂಡಿ ಸೈಕಿಯಾಟ್ರಿ ಮೂರು ವರ್ಷ, ಆಮೇಲೆ ಮಕ್ಕಳ ಸೈಕಿಯಾಟ್ರಿಯಲ್ಲೇ ಡಿಎಂ ಇನ್ನೂ ಮೂರು. ಈ ಬರಹದಲ್ಲಿ ಬರುವವರ ಪೈಕಿ ಮಾತ್ರೆ ಬರೆಯುವ ಅಧಿಕಾರ ಇವರಿಗೆ ಮಾತ್ರ. ಅವರಿಗೆ ನನ್ನ ಸಲಹೆ ಬೇಕಾಗಿಲ್ಲ.

ಮನೆಯಲ್ಲೇ ಕೂತು ಓದೋದು

ಮುಕ್ತ ವಿವಿ ನಮ್ಮೂರಲ್ಲೇ ಇರೋದರಿಂದ ಈ ಪ್ರಶ್ನೆ ತುಂಬಾ ಬರುತ್ತದೆ. ಮದುವೆ ಆಗಿದೆ, ಮಗು ಚಿಕ್ಕದು, ದೂರಶಿಕ್ಷಣದಲ್ಲಿ ಸೈಕಾಲಜಿ ಮಾಡಿಬಿಡ್ಲಾ? 2025ರ ಜುಲೈ-ಆಗಸ್ಟ್ ಸಾಲಿನಿಂದ ಸೈಕಾಲಜಿಯನ್ನು ದೂರಶಿಕ್ಷಣದಲ್ಲೂ ಆನ್‌ಲೈನ್‌ನಲ್ಲೂ ಹೊಸದಾಗಿ ಸೇರಿಸಿಕೊಳ್ಳಬೇಡಿ ಅಂತ ಯುಜಿಸಿ ಹೇಳಿದೆ. ಅಲೈಡ್ ಆರೋಗ್ಯ ವೃತ್ತಿಗಳ 2021ರ ಕಾಯ್ದೆಯ ಪಟ್ಟಿಗೆ ಅದು ಬರುತ್ತದೆ ಅನ್ನೋದು ಕಾರಣ. ದೇಶದ ಎಲ್ಲ ವಿವಿಗಳಿಗೂ ಇದು ಅನ್ವಯ. ಯಾರಾದರೂ ಏಜೆಂಟ್ “ಇನ್ನೂ ಇದೆ ಮೇಡಂ” ಅಂದರೆ ಫೋನ್ ಇಟ್ಟುಬಿಡಿ.

ನಿರ್ಧಾರ ಸರಿ ಅಂತಲೇ ನನ್ನ ಅಭಿಪ್ರಾಯ. ಮಗುವಿನ ಜೊತೆ ಮಾಡುವ ಕೆಲಸವನ್ನು ಯಾರೂ ಪಕ್ಕದಲ್ಲಿ ಕೂತು ತಿದ್ದದೆ ಕಲಿಯೋಕೆ ಆಗಲ್ಲ. ಆದರೆ ಮನೆ ಬಿಟ್ಟು ಬರಲಾಗದ ಎಷ್ಟೋ ಹೆಣ್ಣುಮಕ್ಕಳಿಗೆ ಇದ್ದ ಒಂದೇ ಕಿಟಕಿ ಮುಚ್ಚಿತು. ಅದನ್ನೂ ಹೇಳಬೇಕಲ್ವಾ.

ವಾರಾಂತ್ಯದ ‘ಪ್ಲೇ ಥೆರಪಿ ಸರ್ಟಿಫಿಕೇಟ್’, ಹತ್ತು ದಿನದ ‘ಚೈಲ್ಡ್ ಸೈಕಾಲಜಿ ಎಕ್ಸ್‌ಪರ್ಟ್’ ಇವೆಲ್ಲ ಒಗ್ಗರಣೆ ಇದ್ದ ಹಾಗೆ. ಸಾರು ಮೊದಲು ಇರಬೇಕು. ಎರಡು ವರ್ಷದ ಓದು ಕೈಯಲ್ಲಿದ್ದರೆ ಮಾಡಿ, ಉಪಯೋಗ ಆಗುತ್ತದೆ. ಬರೀ ಅದನ್ನೇ ಹಿಡಿದು ಮಕ್ಕಳನ್ನು ಮುಟ್ಟಬೇಡಿ.

ಅಮೆರಿಕದಲ್ಲಿ ಮದುವೆ-ಕುಟುಂಬ ಥೆರಪಿಸ್ಟ್ ಅಂತಲೇ ಬೇರೆ ಲೈಸೆನ್ಸ್ ಇದೆ. ನಮ್ಮಲ್ಲಿ ಅಂಥದ್ದು ಇಲ್ಲ. ಇಲ್ಲಿ ‘ಲೈಸೆನ್ಸ್ಡ್ ಫ್ಯಾಮಿಲಿ ಥೆರಪಿಸ್ಟ್ ಆಗಿ’ ಅಂತ ಜಾಹೀರಾತು ಕಂಡರೆ ಲೈಸೆನ್ಸ್ ಕೊಡೋರು ಯಾರು ಅಂತ ಕೇಳಿ ನೋಡಿ, ಮಜಾ ಇರುತ್ತದೆ.

ಕೆಲಸ ಎಲ್ಲಿ?

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಸೈಕಿಯಾಟ್ರಿಸ್ಟ್ ಜೊತೆ ಕ್ಲಿನಿಕಲ್ ಸೈಕಾಲಜಿಸ್ಟ್, ಸೋಶಿಯಲ್ ವರ್ಕರ್ ಇಬ್ಬರಿಗೂ ಜಾಗ ಇದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಎಂಎಸ್‌ಡಬ್ಲ್ಯೂದವರಿಗೆ ಅವಕಾಶ ಜಾಸ್ತಿ. ಚಿಕ್ಕ ಮಕ್ಕಳ ಬೆಳವಣಿಗೆ ನೋಡುವ ಜಿಲ್ಲಾ ಕೇಂದ್ರಗಳಲ್ಲಿ ಸೈಕಾಲಜಿಯವರು, ಸ್ಪೀಚ್‌ನವರು ಬೇಕು. ಬಹುಪಾಲು ಗುತ್ತಿಗೆ ಕೆಲಸ. ಸಂಬಳ ತಿಂಗಳು ತಿಂಗಳು ಬರುತ್ತದೆ ಅಂತ ಲೆಕ್ಕ ಹಾಕಿ ಇಎಂಐ ಮಾಡಬೇಡಿ. ಮೈಸೂರಿನ ಖಾಸಗಿ ಶಾಲೆಗಳಲ್ಲಿ ಕೌನ್ಸೆಲರ್ ಕೆಲಸ ಸಿಗುತ್ತದೆ. ಮಂಡ್ಯದಲ್ಲಿ ಅಂಥ ಶಾಲೆ ಕಮ್ಮಿ, ಕೆಲಸ ಮಾತ್ರ ಬೆಟ್ಟದಷ್ಟಿದೆ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ 7.3 ಜನಕ್ಕೆ ತೊಂದರೆ ಇದೆ ಅಂದಿತ್ತು. ಅರವತ್ತು ಮಕ್ಕಳ ಕ್ಲಾಸಿಗೆ ನಾಲ್ವರು ಅಂತಿಟ್ಟುಕೊಳ್ಳಿ.

ಸೇರುವ ಮುಂಚೆ ಅಲ್ಲಿ ಹೋಗಿ ಕೇಳಿ

ಪ್ರಾಸ್ಪೆಕ್ಟಸ್ ಬಿಡಿ. ಕಾಲೇಜು ನಡೆಯುತ್ತಿರುವ ದಿನ ಹೋಗಿ, ಎರಡನೇ ವರ್ಷದವರನ್ನು ಕ್ಯಾಂಟೀನಿನಲ್ಲಿ ಹಿಡಿಯಿರಿ. ಕಳೆದ ತಿಂಗಳು ಎಷ್ಟು ಮಕ್ಕಳನ್ನು ನೋಡಿದ್ರಿ? ನೀವು ಮಾಡಿದ್ದನ್ನು ಮೇಷ್ಟ್ರು ನೋಡಿ ತಿದ್ದಿದ್ದು ಯಾವಾಗ? ಅಪ್ಪ-ಅಮ್ಮನ ಜೊತೆ ಎಷ್ಟು ಸಲ ಕೂತಿದ್ದೀರಿ? ಉತ್ತರಕ್ಕೆ ಅವರು ಯೋಚಿಸಬೇಕಾಗಿ ಬಂದರೆ ಅದೇ ಉತ್ತರ.

ಪೋಕ್ಸೊ ಹೇಳಿಕೊಟ್ಟರಾ ಅಂತಲೂ ಕೇಳಿ. 2012ರ ಆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದವರು ತಿಳಿಸಲೇಬೇಕು. “ಯಾರಿಗೂ ಹೇಳಲ್ಲ ಪುಟ್ಟಾ” ಅಂತ ಮಗುವಿಗೆ ಮಾತು ಕೊಟ್ಟು ಆಮೇಲೆ ಸಿಕ್ಕಿಹಾಕಿಕೊಂಡ ಹೊಸ ಕೌನ್ಸೆಲರ್‌ಗಳು ನನ್ನ ಹತ್ತಿರ ಅತ್ತಿದ್ದಾರೆ. ಇದನ್ನು ಮೊದಲ ವರ್ಷದಲ್ಲೇ ಕಲಿಸಬೇಕು.

ಕೊನೆಗೆ ಭಾಷೆ. ಪಾಠವೆಲ್ಲ ಇಂಗ್ಲಿಷ್, ಬರುವ ಅಮ್ಮಂದಿರೆಲ್ಲ ಕನ್ನಡ. ಕೆ.ಆರ್. ಪೇಟೆಯ ಅಮ್ಮ ‘ಆಂಗ್ಸೈಟಿ’ ಅನ್ನಲ್ಲ. “ಎದೆ ಡವಡವ ಅಂತದೆ, ಕೈಕಾಲಲ್ಲಿ ಸತ್ವ ಇಲ್ಲ” ಅನ್ನುತ್ತಾರೆ. ಮಗ ‘ಡಿಪ್ರೆಸ್ಡ್’ ಅಲ್ಲ, “ಮಂಕು ಕವಿದಂಗೆ ಕೂತವ್ನೆ”. ಅಭ್ಯಾಸದ ಸೆಷನ್‌ಗಳನ್ನು ಕನ್ನಡದಲ್ಲಿ ಮಾಡಿಸುವ ಮೇಷ್ಟ್ರು ಯಾವ ವಿಭಾಗದಲ್ಲಿ ಇದ್ದಾರೋ, ಬೇರೆಲ್ಲ ಸರಿಸಮ ಇದ್ದರೆ ನಾನು ಅಲ್ಲಿಗೇ ಸೇರುತ್ತಿದ್ದೆ.

ಅಂದ ಹಾಗೆ, ಆ ಹತ್ತನೇ ಕ್ಲಾಸಿನ ಹುಡುಗನಿಗೆ ಹೆಚ್ಚಿನ ಸಮಯ ಸಿಕ್ಕಿತು. ಪಾಸಾದ. ಈಗ ಐಟಿಐನಲ್ಲಿ ಫಿಟ್ಟರ್ ಓದುತ್ತಿದ್ದಾನೆ. ನನಗೆ ವಾಟ್ಸಾಪ್ ಮಾಡುವಾಗ ಟೈಪ್ ಮಾಡಲ್ಲ, ವಾಯ್ಸ್ ಮೆಸೇಜ್ ಕಳಿಸುತ್ತಾನೆ.